ನಾಲ್ಕನೇ ಕಟ್ಟು

ಮತ್ತೆ ಹಾರನ್, ಎರಡು ಗಿಡ್ಡ ಒಂದು ಉದ್ದ, ಇವರದ್ದೇ, ನನ್ನ ಗಂಡನದ್ದೇ, ಅಬು ಹಲೀಫಾದ ಈ ಆಸ್ಪತ್ರೆಯ ಮುಂದೆ ಈಗ ಹಾರನ್ ಹೊಡೆಯಲು ಇನ್ಯಾರಿದ್ದಾರೆ, ಆಗಸ್ಟ್ ಎರಡಕ್ಕೆ ಇರಾಕಿನ ಸೈನ್ಯ ಈ ದೇಶಕ್ಕೆ ನುಗ್ಗಿದಂದಿನಿಂದ ಅರ್ಧ ಬೀದಿಯೇ ಖಾಲಿ — ಮಧ್ಯಾಹ್ನ ಹನ್ನೆರಡಕ್ಕೆ ಬಸ್ಸು, ಬಸ್ರಾ, ಬಾಗ್ದಾದ್, ಅಮ್ಮಾನ್, ಅಲ್ಲಿಂದ ವಿಮಾನ, ಲಿಸ್ಟಲ್ಲಿ ಇಬ್ರ ಹೆಸ್ರೂ ಉಂಟು ಸುಗಂಧಿ, ಇದು ತಪ್ಪಿದ್ರೆ ಮತ್ತೆ ದೇವ್ರೇ ಗತಿ, ಬೆಳಿಗ್ಗೆ ಇವರು ಹೇಳಿದ್ದು, ಶುಐಬಾದ ಕೆಲಸ ನಿಂತ ಮೇಲೆ ಮನುಷ್ಯ ಸರಿಯಾಗಿ ಉಂಡದ್ದೇ ಇಲ್ಲ, ಇಳಿದು ಹೋಗಬೇಕು, ಬಕೆಟು ಇಟ್ಟು ಇಳಿದರಾಯಿತು, ಮೂವತ್ತು ಮೆಟ್ಟಿಲು, ಕಾಲೇ ಬರುವುದಿಲ್ಲವಲ್ಲ! ನೀನು ಹೋಗ್ಬೇಡ ಮಾರಾಯ್ತಿ, ಎಂದರು ನಿನ್ನೆ ಆಲಿವ್ ಸಿಸ್ಟರ್, ಹದಿನಾಲ್ಕು ನರ್ಸುಗಳಲ್ಲಿ ಉಳಿದದ್ದು ಅವರೊಬ್ಬರು, ನೆಲ ಒರೆಸಿದ್ದು ಸಾಕು, ನನ್ನೊಟ್ಟಿಗೆ ಕಲಿ, ಎಸ್ಸೆಸ್ಸೆಲ್ಸಿ ಪಾಸಲ್ವಾ ನೀನು, ಈ ಗಲಾಟೆ ಮುಗಿದ ಮೇಲೆ ಪರೀಕ್ಷೆಗೆ ಕೂರಿಸ್ತೇನೆ, ಪ್ರಾಕ್ಟಿಕಲ್ ನರ್ಸ್ ಅಂತ ಲೈಸೆನ್ಸೇ ಸಿಗ್ತದೆ, ನಿನ್ನ ಕೈ ಒಳ್ಳೇದುಂಟು.

ನನ್ನ ಕೈ ಒಳ್ಳೆಯದಂತೆ! ಹತ್ತನೇ ವಯಸ್ಸಿನಿಂದ ಬೀಡಿ ಕಟ್ಟಿದ ಕೈ ಇದು, ಮಡಿಲಲ್ಲಿ ಗೆರಸೆ, ಇಪ್ಪತ್ತೈದು ಬೀಡಿಗೆ ಒಂದು ಕಟ್ಟು, ಕಟ್ಟು ಮುಗಿದರೆ ಎಡಗೈಯ ಒಂದು ಬೆರಳು ಮಡಚು, ಮತ್ತೆ ಒಂದರಿಂದ ಸುರು, ಶಾಲೆ ಕಲಿತರೂ ಈ ಬಾಯಿಗೆ ಇಪ್ಪತ್ತೈದರ ಆಚೆ ಎಣಿಸುವ ಅಭ್ಯಾಸವೇ ಇಲ್ಲ, ನಾಡಿ ನೋಡುವುದನ್ನು ಸಿಸ್ಟರ್ ತೋರಿಸಿಕೊಟ್ಟಾಗಲೂ ಹಾಗೆಯೇ ಎಣಿಸಿದೆ, ಗೋಡೆಯ ಗಡಿಯಾರದಲ್ಲಿ ಒಂದು ನಿಮಿಷ, ಮೂರು ಬೆರಳು ಮಡಚಿದರೆ ಎಪ್ಪತ್ತೈದು, ಬರೆ, ಸಿಸ್ಟರಿಗೆ ಅದು ಗೊತ್ತೇ ಇರಲಿಲ್ಲ, ನನಗೂ ಹೇಳಬೇಕೆಂದು ತೋಚಲಿಲ್ಲ. ಹೋದ ಶುಕ್ರವಾರ ಬಾವಾಕುಂಞಿ ಸಾಹೇಬರು, ಸಲ್ವಾದಲ್ಲಿ ಅಂಗಡಿ ಇಟ್ಟಿದ್ದ ನಮ್ಮೂರ ಕಡೆಯ ಬ್ಯಾರಿ, ಹೊಟ್ಟೆಯ ಆಪರೇಷನ್ ಆಗಿ ಎರಡನೇ ದಿನ, ನಾಡಿ ಜೋರಾದ್ರೆ ಕೂಡ್ಲೇ ನನ್ನನ್ನು ಕರಿ, ಒಳಗೆ ರಕ್ತ ಹೋಗ್ತಾ ಇರ್ಬಹುದು, ಎಂದು ಹೇಳಿ ಸಿಸ್ಟರ್ ಹೆರಿಗೆ ಕೋಣೆಗೆ ಓಡಿದ್ದರು, ಮುದುಕರ ಮಣಿಕಟ್ಟಿನಲ್ಲಿ ಒಂದು ಬಿಳಿ ಪಟ್ಟಿ, ಚೆಕ್‌ಪೋಸ್ಟಿನಲ್ಲಿ ಸೈನಿಕರು ವಾಚು ಬಿಚ್ಚಿಸಿಕೊಂಡಿದ್ದರಂತೆ, ಇಪ್ಪತ್ತು ವರ್ಷ ಬಿಸಿಲು ಕಾಣದ ಚರ್ಮ, ಅದರ ಮೇಲೇ ನನ್ನ ಬೆರಳು, ಎಣಿಸುತ್ತಿದ್ದೆ, ನೋವು ಬಂತೋ ಏನೋ, ಇನ್ನೊಂದು ಕೈಯಿಂದ ನನ್ನ ಎಡಗೈಯನ್ನೇ ಗಟ್ಟಿ ಹಿಡಿದುಕೊಂಡರು, ಮಗಾ, ನಂಗೆ ಬಸ್ಸಲ್ಲಿ ಕೂರ್ಲಿಕ್ಕೆ ಆಗ್ಬಹುದಾ, ಆಗ್ತದೆ ಸಾಹೇಬ್ರೇ, ಯಾಕಾಗುದಿಲ್ಲ — ನಿಮಿಷ ಮುಗಿದಿತ್ತು, ಬೆರಳು ಮಡಚಲು ಆಗಿರಲಿಲ್ಲ, ಮೂರು ಕಟ್ಟೋ ನಾಲ್ಕೋ, ಇನ್ನೊಮ್ಮೆ ಎಣಿಸಿದ್ದರೆ ನನ್ನ ಗಂಟೇನು ಹೋಗುತ್ತಿತ್ತು, ಮೂತ್ರದ ಪಾತ್ರೆಗೆ ಯಾರೋ ಕೂಗುತ್ತಿದ್ದರು, ಬೆಳಿಗ್ಗೆಯದೂ ಎಪ್ಪತ್ತೈದೇ ಇತ್ತು, ಎಪ್ಪತ್ತೈದು ಎಂದು ಬರೆದೆ. ಸಂಜೆ ಮಗ್ರಿಬ್ ಬಾಂಗಿನ ಹೊತ್ತಿಗೆ ಹೋಗಿಬಿಟ್ಟರು. ಮೈಯೆಲ್ಲ ಬಿಳಿಚಿಕೊಂಡಿತ್ತು, ಆ ಪಟ್ಟಿ ಎಲ್ಲಿತ್ತೆಂದೇ ತಿಳಿಯದಷ್ಟು, ನನಗೆ ಮಾತ್ರ ತಿಳಿಯುತ್ತಿತ್ತು, ಈಗಲೂ ನೆಲ ಒರೆಸುವಾಗ ನೀರಿನ ಗೆರೆ ಕಂಡರೆ ಅದೇ ಪಟ್ಟಿ, ಅಯ್ಯೋ ನನ್ನ ಪಾಪವೇ.

ಹೋಗಿ ಹೇಳಿಬಿಡುತ್ತೇನೆ, ಹೇಳಿದರೆ ಸಿಸ್ಟರ್ ಛೀ ಎಂದು ಉಗಿದು ಓಡಿಸುತ್ತಾರೆ, ಆಗ ಮೂವತ್ತು ಮೆಟ್ಟಿಲು ಇಳಿಯುವುದೂ ಸುಲಭ, ಬಸ್ಸು ಹತ್ತುವುದೂ ಸುಲಭ — ವಾರ್ಡಿನ ಬಾಗಿಲು, ಹನ್ನೊಂದು ಮಂಚ, ಸಿಸ್ಟರ್ ಸಿರಿಂಜು ಕುದಿಸುತ್ತಿದ್ದಾರೆ, ಸಿಸ್ಟರ್, ಸಾಹೇಬ್ರ ನಾಡಿ ನಾನು ಅಂದಾಜಿಗೆ ಬರೆದದ್ದು, ಅದು ನೂರಿತ್ತೋ ಏನೋ, ಹೇಳಿಯೇಬಿಟ್ಟೆ. ಅವರು ಪಾತ್ರೆಯಿಂದ ತಲೆ ಎತ್ತಲಿಲ್ಲ. ಗೊತ್ತುಂಟು, ಎಂದರು, ಒಳಗೆ ರಕ್ತ ಹೋಗುವ ಹೊಟ್ಟೆಗೆ ಎಪ್ಪತ್ತೈದು ಎಲ್ಲಿಂದ ಬರ್ಬೇಕು, ಆವತ್ತು ರಾತ್ರಿಯೇ ಗೊತ್ತಾಯ್ತು, ನಾನೂ ಒಮ್ಮೆ ಬಂದು ನೋಡ್ಬೇಕಿತ್ತು, ನೋಡ್ಲಿಲ್ಲ, ಇನ್ನೊಮ್ಮೆ ಹೀಗಾಗ್ಬಾರ್ದು, ಅದಕ್ಕೇ ನಿನ್ನತ್ರ ಕಲಿ ಅಂದದ್ದು, ಹೋಗ್ತಿಯಾದ್ರೆ ಹೋಗು, ಯಾರೂ ಬೈಯುದಿಲ್ಲ, ಆದ್ರೆ ರಮ್ಲಾಳ ನಾಡಿ ಬೆಳಿಗ್ಗೆಯಿಂದ ಯಾರೂ ನೋಡ್ಲಿಲ್ಲ. ಬೈಯಬಾರದಿತ್ತೇ ಇವರು, ಒಂದು ಏಟು ಹಾಕಬಾರದಿತ್ತೇ, ಈಗ ನಾನು ಎಲ್ಲಿಗೆ ಹೋಗಲಿ.

ಮೂರನೇ ಮಂಚದ ರಮ್ಲಾ, ನಿನ್ನೆ ಹೆತ್ತವಳು, ಕೈ ಬಿಸಿ, ಗಡಿಯಾರ ನೋಡು, ಎಡಗೈ ಬೆನ್ನ ಹಿಂದೆ ಇಡು ಸುಗಂಧಿ, ಇಪ್ಪತ್ತಮೂರು, ಇಪ್ಪತ್ತನಾಲ್ಕು, ಇಪ್ಪತ್ತೈದು, ಇಪ್ಪತ್ತಾರು, ಇಪ್ಪತ್ತಾರು ಆದ ಮೇಲೆ ಇಪ್ಪತ್ತೇಳು, ಬಾಗಿಲಲ್ಲಿ ಇವರು, ಏದುಸಿರು, ಯಲ್ಲಾ, ಬೇಗ ಬಾ ಸುಗಂಧಿ, ಎಂತ ಮಾಡ್ತಾ ಇದ್ದಿ, ಬಸ್ಸು ಹೊರಡ್ತದೆ, ಮಾತಾಡಬೇಡಿ, ದಮ್ಮಯ್ಯ, ಈಗ ಮಾತಾಡಬೇಡಿ, ಲೆಕ್ಕ ತಪ್ಪುತ್ತದೆ, ಅರುವತ್ತೆಂಟು, ಅರುವತ್ತೊಂಬತ್ತು, ನೀನಿಲ್ಲದೆ ನಾನು ಹೇಗೆ ಹತ್ತುದು ಮಾರಾಯ್ತಿ, ಎಂಬತ್ತು, ಕಣ್ಣಲ್ಲಿ ನೀರು, ಗಡಿಯಾರದ ಮುಳ್ಳು ಕಾಣಿಸುವುದಿಲ್ಲ, ತೊಂಬತ್ತು ದಾಟಿತು, ಸಿಸ್ಟರ್, ಬೇಗ ಬನ್ನಿ, ನೂರ ಒಂದು, ನೂರ ಎರಡು, ಬೆರಳ ಕೆಳಗೆ ರಮ್ಲಾಳ ಕೈ, ಬಳೆ ಇದೆ, ಚರ್ಮ ಕಂದು, ಆದರೂ ಆ ಬಿಳಿ ಪಟ್ಟಿ, ನನ್ನ ಬೆರಳು ಆ ಬಿಳಿ ಪಟ್ಟಿಯ ಮೇಲೆ, ಬಿಳಿ ಪಟ್ಟಿ