ನೀಲವ್ವನ ಕಸೂತಿ ಶಾಲು

ನಾನು ಒಂದು ಶಾಲು. ಸನ್ಮಾನಕ್ಕೆಂದು ಕಟ್ಟುಗಟ್ಟಲೆ ಮಾರುತ್ತಾರಲ್ಲ, ಆ ಮಿರಿಮಿರಿ ಜಾತಿಯದಲ್ಲ, ಮೊದಲೇ ಹೇಳಿಬಿಡುತ್ತೇನೆ. ಬೆಟಗೇರಿಯ ನೀಲವ್ವ ಹೊಂಬಳ ಎಂಟು ತಿಂಗಳು ಎಳೆ ಎಣಿಸಿ ಎಣಿಸಿ ನನ್ನ ಕಪ್ಪು ಮೈಮೇಲೆ ಕಸೂತಿ ಹಾಕಿದಳು. ಗೋಪುರ, ಗಿಣಿ, ಅಂಚಿಗೆ ಪುಟಾಣಿ ತಂಬೂರಿಗಳು. ರೇಡಿಯೋದಲ್ಲಿ ಗಾಯಕಿ ವತ್ಸಲಾಬಾಯಿ ಇಟಗಿಯವರ ಹಾಡು ಬಂದರೆ ಸೂಜಿ ನಿಂತುಬಿಡುತ್ತಿತ್ತು. ಎಣಿಕೆ ತಪ್ಪಿ ಎಷ್ಟು ಸಲ ಬಿಚ್ಚಿದಳೋ!

ಗಂಡ ಸತ್ತ ವರ್ಷ ಆ ದನಿಯೇ ಅವಳನ್ನು ಹಾಸಿಗೆಯಿಂದ ಎಬ್ಬಿಸಿತ್ತಂತೆ. "ಅಕ್ಕಾರು ಇದನ್ನ ಹೊತ್ಕೊಂಡು ಹಾಡಬೇಕು. ಇದನ್ನ ನೋಡಿದಾಗೊಮ್ಮೆ ಅವರಿಗೆ ನನ್ನ ನೆನಪಾಗಬೇಕು, ಅಷ್ಟ ಸಾಕು," ಎನ್ನುತ್ತಿದ್ದಳು.

ಗದಗಿನಲ್ಲಿ ವತ್ಸಲಾಬಾಯಿಯವರ ಕಛೇರಿಯಾಯಿತು. ನೂಕುನುಗ್ಗಲಿನಲ್ಲಿ ನುಸುಳಿ ಹೋಗಿ ನನ್ನನ್ನು ಬಾಯಿಯವರ ಹೆಗಲಿಗೆ ಹೊದಿಸಿದಳು. "ಭಾಳ ಸಂತೋಷ ಆತ್ರಿ," ಎಂದರು ಬಾಯಿ, ಮುಂದಿನವರ ಮುಖ ನೋಡುತ್ತಾ. ಅವರ ತಮ್ಮ ಮಧುಕರ ನನ್ನನ್ನು ಎಳೆದು, ಮಡಚಿ, ಚೀಲಕ್ಕೆ ತುರುಕಿದ. ಒಳಗೆ ಆಗಲೇ ಹದಿನೈದು ಶಾಲುಗಳಿದ್ದವು.

ಮುಂದಿನ ಊರಿನಲ್ಲಿ ತೆಗೆಯುತ್ತಾರೆ ಎಂದುಕೊಂಡೆ. ಹುಚ್ಚು ನನ್ನದು! ವಿಜಯಪುರ, ಕಲಬುರಗಿ, ಸೊಲ್ಲಾಪುರ, ಎಲ್ಲ ಸುತ್ತಿದೆವು. ವ್ಯಾನಿನಲ್ಲಿ ತಬಲಾದವರು ನಮ್ಮ ಚೀಲವನ್ನು ತಲೆದಿಂಬು ಮಾಡಿಕೊಂಡು ಗೊರಕೆ ಹೊಡೆಯುತ್ತಿದ್ದರು. ಪ್ರತಿ ಊರಿನಲ್ಲೂ ಬಾಯಿ, "ನಿಮ್ಮ ಊರಿನ ಪ್ರೀತಿ ಮರೆಯೋದಿಲ್ರಿ," ಎನ್ನುವುದು ಕೇಳಿಸುತ್ತಿತ್ತು. ಅದೇ ಮಾತು, ಅದೇ ಗದ್ಗದ. ಕೆಟ್ಟವರಲ್ಲ ಬಾಯಿ, ದಿನಕ್ಕೊಂದು ಊರು ತಿರುಗಿ ತಿರುಗಿ ಅವರಿಗೆ ಮುಖಗಳೆಲ್ಲ ಒಂದೇ ಆಗಿದ್ದವು. ಸಂಘಟಕರು ಶಾಲು ತರಲು ಮರೆತರೆ ಮಧುಕರ, "ನಮ್ಮಲ್ಲೇ ಅದಾವ, ತೊಗೊಳ್ರಿ," ಎಂದು ಜರಿಯ ಶಾಲನ್ನು ಆರಿಸಿ ಕೊಡುತ್ತಿದ್ದ. ಕಪ್ಪು ಮೈಯ ನನ್ನನ್ನು ಯಾರು ಮೂಸುತ್ತಾರೆ? ಎರಡು ವರ್ಷ ತಳದಲ್ಲೇ ಬಿದ್ದಿದ್ದೆ.

ಮತ್ತೆ ಗದಗು. ಅಂದೂ ಸಂಘಟಕರು ಶಾಲು ಮರೆತಿದ್ದರು. ಜರಿಯವನ್ನೆಲ್ಲ ಅವರಿವರಿಗೆ ಕೊಟ್ಟು ಮುಗಿದಿತ್ತು, ಚೀಲದಲ್ಲಿ ಉಳಿದಿದ್ದವಳು ನಾನೊಬ್ಬಳೇ. ಹಳೆಯ ಅಭಿಮಾನಿಯ ಕೈಯಿಂದಲೇ ಸನ್ಮಾನವಾಗಲಿ ಎಂದು ಹಾಡಿಗೆ ಮೊದಲೇ ನೀಲವ್ವನನ್ನು ವೇದಿಕೆಗೆ ಕರೆದರು. ಹಿಗ್ಗಿನಿಂದ ಓಡೋಡಿ ಬಂದಳು. ಮಧುಕರ ನನ್ನನ್ನು ಅವಳ ಕೈಗಿಟ್ಟ.

ನೀಲವ್ವ ನನ್ನನ್ನು ಮಗುಚಿ ನೋಡಿದಳು. ತಾನು ಹಾಕಿದ ಒಂದೊಂದು ಎಳೆಯ ಮೇಲೂ ಬೆರಳಾಡಿಸಿದಳು. ಅವಳ ಮುಖದ ನಗು ಇಳಿಯಿತು.

"ಲಗೂ ಹೊಚ್ಚರಿ ಅವ್ವಾ, ಫೋಟೋ ತೆಗೀಬೇಕು," ಎಂದ ಮಧುಕರ.

ಹೊದಿಸಿದಳು. ಬಾಯಿ ನನ್ನ ಅಂಚು ಎತ್ತಿ ಹಿಡಿದು ಕಣ್ಣರಳಿಸಿದರು. "ಅಯ್ಯ, ಏನ್ ಚೆಂದ ಕಸೂತಿ! ಯಾರು ಹಾಕ್ಯಾರ್ರಿ ಇದನ್ನ?"

ಹೇಳೇ ನೀಲವ್ವಾ, ಹೇಳೇ! ನನಗೆ ಬಾಯಿದ್ದಿದ್ದರೆ ಆ ಮೈಕಿನಲ್ಲೇ ಕೂಗುತ್ತಿದ್ದೆ.

"ನಂಗೇನ್ ಗೊತ್ರಿ ಅಕ್ಕಾರ," ಎಂದಳು ನೀಲವ್ವ. ವೇದಿಕೆ ಇಳಿದು, ಒಂದು ಹಾಡೂ ಕೇಳದೆ ಹೊರಟುಹೋದಳು.

ಅಂದಿನಿಂದ ನನ್ನ ದೆಸೆ ತಿರುಗಿತು ನೋಡಿ! ನಾನಿಲ್ಲದೆ ಬಾಯಿ ಹಾಡಲು ಕೂರುತ್ತಲೇ ಇರಲಿಲ್ಲ. ಯಾರಾದರೂ ಕೇಳಿದರೆ ನನ್ನನ್ನು ಸವರುತ್ತಾ, "ಅಭಿಮಾನಿಗಳ ಪ್ರೀತಿರಿ ಇದು," ಎನ್ನುತ್ತಿದ್ದರು. ಯಾವ ಅಭಿಮಾನಿ? ಹೆಸರೇನು? ಯಾರೂ ಕೇಳಲಿಲ್ಲ. ಬಿಡಿ, ಕೇಳಿದ್ದರೂ ಬಾಯಿಗೆ ಏನು ಗೊತ್ತಿತ್ತು?

ಈಗ ಬಣ್ಣ ಮಾಸಿದೆ, ಅಂಚು ಪಿಸಿದಿದೆ. ಬಾಯಿಯವರ ಕೋಣೆಯ ಮೂಲೆಯಲ್ಲಿ ತಂಬೂರಿಗೆ ಹೊದಿಕೆಯಾಗಿದ್ದೇನೆ. ಮೆರೆದೆ, ಸುಳ್ಳು ಹೇಳಲಾರೆ. ಆದರೆ ಮೆರೆದಾಗೆಲ್ಲ ನೀಲವ್ವನ ಬೆರಳುಗಳೇ ನೆನಪಾಗುತ್ತಿದ್ದವು. ಆ ಸನ್ಮಾನದ ನಂತರ ಎರಡು ಸಲ ಗದಗಿಗೆ ಹೋಗಿದ್ದೆವು. ಹೆಗಲ ಮೇಲಿಂದಲೇ ಸಾಲು ಸಾಲು ಹುಡುಕಿದೆ. ಎರಡು ಸಲವೂ ಸಭೆ ಕಿಕ್ಕಿರಿದಿತ್ತು. ನೀಲವ್ವ ಬಂದಿರಲಿಲ್ಲ.