ಕೊರಕಲು ನೋಡಿ ಆಯಿತು

ಗಾಳಿಯ ದಿನ ಡ್ರೋನನ್ನು ಮೊದಲು ಗಾಳಿಗೆ ಎದುರಾಗಿ ಕಳಿಸಬೇಕು. ಬ್ಯಾಟರಿ ಸೋತಾಗ ಅದೇ ಗಾಳಿ ವಾಪಸ್ಸು ತಂದುಬಿಡುತ್ತದೆ. ದಕ್ಷಿಣ ಆಲ್ಬರ್ಟಾದ ಆ ಊರಿನ ಹುಡುಕಾಟ ತಂಡಕ್ಕೆ ಈ ಪಾಠ ಹೇಳಿ ಹೇಳಿ ತಲೆ ತಿಂದಿದ್ದವಳು ಡಾರ್ಲಾ ಹ್ರಿಂಚಕ್ ಎಂಬ ಮಹಾತಾಯಿಯೇ. ಶಾಲಾ ಬಸ್ಸು ಓಡಿಸುವ ಐವತ್ತರ ಹೆಂಗಸು, ತಂಡಕ್ಕಿದ್ದ ಒಂದೇ ಡ್ರೋನಿನ ಒಡತಿ. ಅಂಥವಳು ಆ ಅಕ್ಟೋಬರ್ ಮಧ್ಯಾಹ್ನ ಅದನ್ನು ಗಾಳಿಯ ಜೊತೆಗೇ ಪೂರ್ವಕ್ಕೆ ಹಾರಿಸಿಬಿಟ್ಟಳು.

ಕಾರಣ ಜಂಬ, ಬೇರೇನಲ್ಲ. ಅವಳ ಗೆಳತಿ ಜೊಲೀನಳ ಅಪ್ಪ, ಮರೆವಿನ ಕಾಯಿಲೆಯ ಆರ್ವಿಲ್ ಮುದುಕ, ಬೆಳಗಿನಿಂದ ಕಾಣೆಯಾಗಿದ್ದ. ಅರ್ಧ ಊರೇ ಪಿಕಪ್ ಗಾಡಿಗಳಲ್ಲಿ, ಕುದುರೆಗಳ ಮೇಲೆ ಬಂದು ನೆರೆದಿತ್ತು. ತಂಡದ ಮುಖಂಡ ಮರ್ವ್ ಹುಲ್ಲುಗಾವಲಿನ ಕಡೆಗೆ ಹೊರಡುತ್ತ, "ಈ ಗಾಳೀಲಿ ನಿನ್ನ ಆಟದ ಸಾಮಾನು ಎಲ್ಲಿ ಹಾರುತ್ತೆ, ಬಿಡೇ" ಎಂದು ಎಲ್ಲರೆದುರು ಕಿಚಾಯಿಸಿದ.

"ಎರಡೇ ನಿಮಿಷ. ಪೂರ್ವದ ಕೊರಕಲಿನ ಮೇಲಿರುತ್ತೆ, ನೋಡ್ತಿರು" ಎಂದಳು ಡಾರ್ಲಾ.

ಹೋಗುವಾಗ ಏನು ಓಟ ಅಂತೀರಿ! ಕೊರಕಲಿನ ಅಂಚು ರಿಮೋಟಿನ ಪರದೆಯ ಮೇಲೆ ಕಾಣುವಷ್ಟರಲ್ಲಿ ಕೆಂಪು ಎಚ್ಚರಿಕೆ ಬಂತು: ಗಾಳಿ ವಿಪರೀತ, ಹಿಂದಿರುಗಿ. ಅವಳು ತಿರುಗಿಸಿದಳು. ಡ್ರೋನ್ ಗಾಳಿಗೆ ಮೂತಿಯೊಡ್ಡಿ ನಿಂತಲ್ಲೇ ಒದ್ದಾಡಿತು. ಕೆಳಗೆ ಗಾಳಿ ಕಡಿಮೆಯೆಂದು ಇಳಿಸಿದಳು. ಚಳಿಗೆ ಬ್ಯಾಟರಿಯೂ ಕೈಕೊಟ್ಟಿತು. ಗೋಧಿ ಕೊಯ್ದ ಹೊಲದ ಕೂಳೆ ಪರದೆ ತುಂಬ ಎದ್ದು ಬಂದು, ಎಲ್ಲ ಕಪ್ಪಾಯಿತು.

ಆಗಲೇ ವಾಕಿಟಾಕಿ ಗೊರಗುಟ್ಟಿತು. "ಡಾರ್ಲಾ, ಕೊರಕಲು ನೋಡಿದ್ಯಾ?"

ಬಿದ್ದುಹೋಯ್ತು ಮರ್ವ್ ಎನ್ನಬೇಕಿತ್ತು, ಅಷ್ಟೇ. ಅವನ ನಗು ಕಿವಿಯಲ್ಲಿ ಕೇಳಿಸಿದಂತಾಯಿತು. "ನೋಡಿ ಆಯ್ತು. ಯಾರೂ ಇಲ್ಲ" ಎಂದುಬಿಟ್ಟಳು.

"ಶಭಾಷ್! ಹಾಗಾದ್ರೆ ಕುದುರೆಯವರನ್ನ ದಕ್ಷಿಣಕ್ಕೆ ಕಳಿಸ್ತೀನಿ."

ಡಾರ್ಲಾ ಇನ್ನೊಂದು ಬ್ಯಾಟರಿ ಜೇಬಿಗಿಳಿಸಿದಳು. ಡ್ರೋನನ್ನು ಎತ್ತಿ, ಹೊಸ ಬ್ಯಾಟರಿ ಹಾಕಿ, ಯಾರಿಗೂ ಗೊತ್ತಾಗದಂತೆ ಕೊರಕಲನ್ನು ನಿಜವಾಗಿಯೂ ನೋಡಿಬಿಡುವುದೆಂದು ಹೊಲಕ್ಕೆ ಓಡಿದಳು. ಕೂಳೆಯಲ್ಲಿ ಬಗ್ಗಿ ಬಗ್ಗಿ ಹುಡುಕಿದಳು. ಥೂ, ನಿನ್ನ ಜನ್ಮಕ್ಕಿಷ್ಟು ಎಂದು ತನಗೆ ತಾನೇ ಉಗಿದುಕೊಂಡಳು. ಒಂದು ಗಂಟೆ ಹಾಗೇ ಹೋಯಿತು, ಹಿಮದ ಮೊದಲ ಹುಡಿ ಬೀಳತೊಡಗಿತು, ಡ್ರೋನ್ ಮಾತ್ರ ಸಿಗಲಿಲ್ಲ.

ಜೊಲೀನ್ ಫ್ಲಾಸ್ಕ್ ಹಿಡಿದು ಅಲ್ಲಿಗೇ ಬಂದಳು. ಅತ್ತು ಅತ್ತು ಅವಳ ಮುಖ ಊದಿಹೋಗಿತ್ತು. "ಕಾಫಿ ಕುಡಿ ಕಣೇ, ನಡುಗ್ತಿದೀಯ. ಆ ಕೊರಕಲಿಂದೇ ನನಗೆ ಭಯ ಇತ್ತು, ಅಲ್ಲಿಳಿದ್ರೆ ಅಪ್ಪನ ಕೈಲಿ ಹತ್ತೋಕಾಗಲ್ಲ. ನೀನು ನೋಡಿದೆಯಲ್ಲ, ಆ ಭಯ ಒಂದು ಹೋಯ್ತು."

ಡಾರ್ಲಾ ಲೋಟವನ್ನು ಹಿಂದಕ್ಕೆ ತಳ್ಳಿದಳು. "ನಾನು ನೋಡಿಲ್ಲ ಜೊಲೀನ್."

"ಏನು?"

"ಕೊರಕಲು ನೋಡಿಲ್ಲ. ಅದಕ್ಕೆ ಮೊದಲೇ ಡ್ರೋನ್ ಬಿತ್ತು. ಸುಳ್ಳು ಹೇಳ್ದೆ."

ಜೊಲೀನ್ ಫ್ಲಾಸ್ಕನ್ನು ಅಲ್ಲೇ ಬಿಸುಟು ಪೂರ್ವಕ್ಕೆ ಓಡಿದಳು. ಡಾರ್ಲಾ ವಾಕಿಟಾಕಿಯಲ್ಲಿ ಅದೇ ಮಾತನ್ನು ಮತ್ತೆ ಹೇಳಿದಳು, ಈ ಸಲ ಊರಿಗೆಲ್ಲ ಕೇಳಿಸುವಂತೆ. ಸ್ವಲ್ಪ ಹೊತ್ತಿಗೆ ಕುದುರೆಗಳು ಅವಳನ್ನು ದಾಟಿಕೊಂಡು ಕೊರಕಲಿನತ್ತ ಹೋದವು, ಅವಳೂ ಅವುಗಳ ಹಿಂದೆಯೇ ಓಡಿದಳು.

ಆರ್ವಿಲ್ ಸಿಕ್ಕಿದ, ಜೀವಂತವಾಗಿಯೇ. ಕೊರಕಲಿನ ತಳದಲ್ಲಿ ಒಂದು ಬಂಡೆಯ ಪಕ್ಕ ಮಂಡಿ ಅಪ್ಪಿಕೊಂಡು ಕುಳಿತಿದ್ದ. ತುಟಿ ನೀಲಿ, ಚಳಿಗೆ ಮರಗಟ್ಟಿದ ಬಲಗೈ ಬೆರಳುಗಳು ಮೇಣದ ಬಣ್ಣ. ಮರ್ವ್ ಅವನಿಗೆ ಕಂಬಳಿ ಸುತ್ತುತ್ತ, "ಇಲ್ಯಾಕೆ ಕೂತ್ಬಿಟ್ರಿ ಆರ್ವಿಲ್? ಇನ್ನೂರು ಹೆಜ್ಜೆ ಆ ಕಡೆ ನಡೆದಿದ್ರೆ ಕೊರಕಲು ಮುಗಿದು ರಸ್ತೆ ಸಿಗ್ತಿತ್ತಲ್ಲ!" ಎಂದ.

ಮಗಳ ಹೆಸರೂ ನೆನಪಿರದ ಮುದುಕನಿಗೆ ಇದು ಮಾತ್ರ ಸರಿಯಾಗಿ ನೆನಪಿತ್ತು. "ನಡೀತಾನೇ ಇದ್ದೆ ಕಣಪ್ಪಾ. ಆಮೇಲೆ ಮೇಲ್ಗಡೆ ಆ ಯಂತ್ರದ ಗುಂಯ್ ಸದ್ದು ಕೇಳಿಸ್ತು. ಸದ್ಯ, ನನ್ನನ್ನ ನೋಡಿದ್ರು, ಇನ್ನೇನು ಬಂದೇ ಬರ್ತಾರೆ ಅಂತ ಕೂತ್ಕೊಂಡೆ."

ಜೊಲೀನ್ ತಲೆಯೆತ್ತಿ ಡಾರ್ಲಾಳನ್ನು ನೋಡಿದಳು. ಮರ್ವ್ ನೋಡಲಿಲ್ಲ, ಕಂಬಳಿಯ ಅಂಚನ್ನು ಸರಿಮಾಡುತ್ತಲೇ ಇದ್ದ. "ತಡ ಮಾಡಿದ್ರಿ" ಎಂದ ಆರ್ವಿಲ್, ಯಾರಿಗೆಂದಿಲ್ಲದೆ. ಡಾರ್ಲಾ ಮುದುಕನನ್ನು ಮಲಗಿಸಿದ್ದ ಸ್ಟ್ರೆಚರಿಗೆ ಕೈಕೊಡಲು ಬಗ್ಗಿದಳು. ಜೊಲೀನ್ ಅವಳ ಕೈ ಸರಿಸಿ, ಆ ಹಿಡಿಯನ್ನು ತಾನೇ ಹಿಡಿದುಕೊಂಡಳು.