ಹರಿದ ರೊಟ್ಟಿಯ ಕೋಣೆ

ಹಂಚಿನ ಮೇಲಿನ ಜೋಳದ ರೊಟ್ಟಿಗೆ ಒದ್ದೆ ಬಟ್ಟೆಯಿಂದ ನೀರು ಸವರುತ್ತಿದ್ದ ಶಿವದೇವಿ, ನಡುವಿನ ಹರಕಿನಿಂದ ತಣ್ಣನೆಯ ಗಾಳಿ ಬಂದದ್ದೇ ಒಲೆ ಆರಿಸಿದಳು. ಹರಕಿನ ಆಚೆ ಅದೇ ಕೋಣೆ. ಒಂದು ಕಿಟಕಿ, ಒಂದು ಕುರ್ಚಿ.

ಆ ಮನೆಯಲ್ಲಿ ಹರಿದ ರೊಟ್ಟಿ ಗಂಡಸರ ತಾಟಿಗೆ ಹೋಗುವುದಿಲ್ಲ, ತಟ್ಟಿದವಳೇ ತಿನ್ನಬೇಕು. ಮದುವೆಯಾಗಿ ಮಲ್ಕಾಜ್‌ಗಿರಿಯ ರೈಲ್ವೆ ಕ್ವಾರ್ಟರ್ಸಿಗೆ ಬಂದಾಗಿನಿಂದ ಹರಕುಗಳೆಲ್ಲ ಶಿವದೇವಿಯ ಪಾಲು. ಆದರೆ ಹೋದ ಸೋಮವಾರದಿಂದ ಹರಿದ ರೊಟ್ಟಿಯೆಲ್ಲ ಈ ಕೋಣೆಗೆ ತೆರೆಯುತ್ತಿತ್ತು. ಹರಕನ್ನು ಬೆರಳಿಂದ ಅಗಲಿಸಿ, ಸೀರೆ ಎತ್ತಿ ಹಿಡಿದು ಅವಳು ಒಳಗೆ ಹೋಗುತ್ತಿದ್ದಳು. ಅಲ್ಲಿ ಯಾರೂ ಅವಳನ್ನು ಕರೆಯುತ್ತಿರಲಿಲ್ಲ. ಸ್ವಲ್ಪ ಹೊತ್ತು ಕುಳಿತು, ಹೊರಗೆ ಬಂದು, ರೊಟ್ಟಿಯನ್ನು ಕಿಟಕಿ ಸಮೇತ ಶೇಂಗಾ ಚಟ್ನಿ ಹಚ್ಚಿ ತಿಂದುಬಿಡುತ್ತಿದ್ದಳು.

ಇವತ್ತು ಅವಳು ಕುರ್ಚಿಯಲ್ಲಿ ಕುಳಿತಿದ್ದಾಗಲೇ ಅತ್ತೆ ಅಹಲ್ಯಾಬಾಯಿ ರೊಟ್ಟಿಯೊಳಗೆ ಇಣುಕಿದರು.

"ಅಮರೇಶ, ಬಾ ಇಲ್ಲೆ. ಒಳಗ ಭಾಳ ಜಾಗ ಐತಿ. ನನ್ನ ಗಾದಿ, ಹಂಡೆ ಎಲ್ಲಾ ಹಿಡಿತಾವ."

ಗಂಡ ಅಮರೇಶಪ್ಪ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಂದು ಬಗ್ಗಿ ನೋಡಿದ. "ಕೂಕಟ್‌ಪಲ್ಲ್ಯಾಗ ಇಷ್ಟ ಜಾಗಕ್ಕ ಬಾಡಿಗಿ ಕೇಳಿದ್ರ ತಲಿ ತಿರಗತೈತಿ. ಏ, ಹೆಂಗೂ ಅಲ್ಲೇ ಕುಂತೀದಿ, ಗ್ವಾಡಿ ಹಸಿ ಐತೇನು ನೋಡು."

"ಇಲ್ರಿ, ಒಣಗೇತಿ."

"ಹಂಗಾರ ಕೆಟ್ಟ ಫ್ರಿಜ್ಜೂ ಇಲ್ಲೇ ಇಡೂಣು. ಬಾಗಲಾ ಸಣ್ಣದಾತು. ನಾಳೆ ಸ್ವಲ್ಪ ದೊಡ್ಡದಾಗಿ ಹರಿ."

"ರೊಟ್ಟಿ ಹರೀಬ್ಯಾಡ ಅಂತ ಇಷ್ಟ ವರ್ಷ ಬಡಕೊಂಡೆ," ಎಂದರು ಅತ್ತೆ. "ಕಡೀಕ ಅದಾ ಕೆಲಸಕ್ಕ ಬಂತು ನೋಡು."

"ಈ ಕುರ್ಚಿ?" ಶಿವದೇವಿ ಕೇಳಿದಳು.

"ತಗದು ಹೊರಗಿಡು. ಅಡ್ಡ ಆಕ್ಕತಿ," ಎಂದ ಅಮರೇಶಪ್ಪ.

ಶಿವದೇವಿ ಕುರ್ಚಿಯನ್ನು ಮುಟ್ಟದೆ ಹೊರಗೆ ಬಂದು, ರೊಟ್ಟಿ ತಿಂದಳು.

ಮರುದಿನ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ಗಾದಿ ಸುತ್ತಿಟ್ಟುಕೊಂಡು ತಾಯಿ ಮಗ ಇಬ್ಬರೂ ನಿಂತರು. ಶಿವದೇವಿ ತಟ್ಟಿದಳು. ಒಂದೊಂದು ರೊಟ್ಟಿಯೂ ಚಂದ್ರನ ಹಾಗೆ ದುಂಡಗೆ, ಒಂದು ಗೀರೂ ಇಲ್ಲದೆ ಎದ್ದಿತು.

"ಒಂದೂ ಹರೀಲಿಲ್ಲೇನು?" ಅಮರೇಶಪ್ಪನ ಮುಖ ಬಾಡಿತು.

"ಹಿಟ್ಟು ಚಲೋ ಬಂದೇತ್ರಿ."

ಅವನು ಡ್ಯೂಟಿಗೆ ಹೊರಟ. ಅತ್ತೆ ಗೊಣಗುತ್ತ ಅದೇ ಗಾದಿ ಬಿಚ್ಚಿ ಅಡ್ಡಾದರು. ಬುಟ್ಟಿಯ ಕೆಳಗೆ ಬಚ್ಚಿಟ್ಟಿದ್ದ ಒಂದು ಹಿಡಿ ಹಿಟ್ಟನ್ನು ಶಿವದೇವಿ ಹೊರತೆಗೆದಳು. ನಾದುತ್ತ, ರೊಟ್ಟಿ ಹರಿಯುವಷ್ಟು ಬೆಳೆದ ತನ್ನ ಹೆಬ್ಬೆರಳಿನ ಉಗುರನ್ನು ನೋಡಿಕೊಂಡಳು. ಇನ್ನು ಮೇಲೆ ಅದನ್ನು ಕತ್ತರಿಸುವುದಿಲ್ಲ ಎಂದುಕೊಂಡಳು.